ಎರಡು ಪೇಂಟ್ ಬಕೆಟ್ ಇದ್ದರೆ ಸಾಕು: ತಾನೇ ನೀರು ಎಳೆದುಕೊಳ್ಳುವ ತರಕಾರಿ ಕುಂಡ

ತಾರಸಿಯಲ್ಲಿ ತರಕಾರಿ ಬೆಳೆಯುವವರಿಗೆ ಮಾರ್ಚ್ ಬಂತೆಂದರೆ ನೀರಿನದ್ದೇ ಚಿಂತೆ. ಬೆಳಿಗ್ಗೆ ಕುಂಡದ ತುಂಬ ಹಾಕಿದ ನೀರಲ್ಲಿ ಒಂದಷ್ಟು ತಳದ ತೂತಿನಿಂದ ಹರಿದು ಮೋರಿ ಸೇರುತ್ತದೆ, ಇನ್ನೊಂದಷ್ಟು ಬಿಸಿಲಿಗೆ ಆವಿಯಾಗುತ್ತದೆ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದರೆ ಟೊಮೇಟೊ ಗಿಡ ಎಲೆ ಇಳಿಬಿಟ್ಟುಕೊಂಡು ನಿಂತಿರುತ್ತದೆ. ಎರಡು ದಿನ ಊರಿಗೆ ಹೋಗಬೇಕು ಅಂದರೂ ಪಕ್ಕದ ಮನೆಯವರ ಕೈಗೆ ಕೀ ಕೊಟ್ಟು ಹೋಗಬೇಕು. ಇನ್ನು ನೀರೇ ಸಿಗದ ವರ್ಷವಂತೂ ಕೇಳಲೇಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯೋಕೆ, ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು, ನೆನಪಿದೆ ಅಲ್ವಾ?

ಇದಕ್ಕೆಲ್ಲ ಒಂದು ಸುಲಭದ ದಾರಿ ಇದೆ. ನೀರನ್ನು ಮೇಲಿಂದ ಹುಯ್ಯುವ ಬದಲು ಕುಂಡದ ಅಡಿಯಲ್ಲಿ ಒಂದು ಪುಟ್ಟ ತೊಟ್ಟಿ ಮಾಡಿ, ಅಲ್ಲಿಂದ ಮಣ್ಣು ತನಗೆ ಬೇಕಾದಷ್ಟನ್ನೇ ಮೇಲಕ್ಕೆ ಎಳೆದುಕೊಳ್ಳುವ ಹಾಗೆ ಮಾಡುವುದು. ಅಂಗಡಿಯಲ್ಲಿ ರೆಡಿ ಕುಂಡ ಸಿಗುತ್ತವೆ, ಆದರೆ ಹೆಚ್ಚಿನವು ಹೂಗಿಡಕ್ಕೆ ಆಗುವಷ್ಟು ಚಿಕ್ಕವು, ಬದನೆ ಟೊಮೇಟೊ ಬೇರಿಗೆ ಸಾಲೋದಿಲ್ಲ, ಬೆಲೆಯೂ ಜಾಸ್ತಿ. ಮನೆಯಲ್ಲೇ ಒಂದು ಮಧ್ಯಾಹ್ನ ಕೂತು ಮಾಡಿಕೊಳ್ಳಬಹುದು.

ಮಾಡೋಕೆ ಮುಂಚೆ ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದು ತಲೆಯಲ್ಲಿ ಇರಲಿ. ಅದು ಗೊತ್ತಿದ್ದರೆ ಅಳತೆ ಒಂದಿಷ್ಟು ಆಚೀಚೆ ಆದರೂ ನೀವೇ ಸರಿಮಾಡಿಕೊಳ್ಳುತ್ತೀರಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದಲ್ಲ, ಹಾಗೆ ತೆಂಗಿನ ನಾರಿನ ಪುಡಿಯೂ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮೇಲಿನ ಮಣ್ಣಿನಿಂದ ಬೇರು ನೀರು ಕುಡಿದಷ್ಟೂ ಕೆಳಗಿನಿಂದ ಇನ್ನಷ್ಟು ಏರುತ್ತಾ ಇರುತ್ತದೆ. ಇದು ನಡೆಯೋಕೆ ಎರಡೇ ವಿಷಯ ಮುಖ್ಯ. ಒಂದು, ನೀರಿನಿಂದ ಮೇಲಿನ ಮಣ್ಣಿನವರೆಗೆ ಎಲ್ಲೂ ಕಡಿಯದ ಹಾಗೆ ಒದ್ದೆ ದಾರಿ ಇರಬೇಕು. ಎರಡು, ನೀರಿಗೂ ಮಣ್ಣಿನ ತಳಕ್ಕೂ ನಡುವೆ ಸ್ವಲ್ಪ ಗಾಳಿ ಇರಬೇಕು, ಇಲ್ಲದಿದ್ದರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಈ ಕುಂಡ ಕೈಕೊಟ್ಟಿದೆ ಅಂದರೆ ಹೆಚ್ಚಿನ ಸಲ ಈ ಎರಡರಲ್ಲಿ ಒಂದು ತಪ್ಪಿರುತ್ತದೆ. ಹಾಗಾಗಿ ಬೇರೆ ಏನೇ ಅಂದಾಜಿನಲ್ಲಿ ಮಾಡಿದರೂ ನಡೆಯುತ್ತದೆ, ತೊಟ್ಟಿಯಿಂದ ನೀರು ಮೇಲಕ್ಕೆ ಎಳೆಯುವ ಬತ್ತಿ ಡಬ್ಬಿ ಮತ್ತು ಹೆಚ್ಚಾದ ನೀರು ಹೊರಗೆ ಹೋಗುವ ಓವರ್‌ಫ್ಲೋ ತೂತು ಮಾತ್ರ ಕೂತು ಗಮನವಿಟ್ಟು ಮಾಡಿ.

ಏನೇನು ಬೇಕು

ಒಂದೇ ಅಳತೆಯ 20 ಲೀಟರಿನ ಎರಡು ಪೇಂಟ್ ಬಕೆಟ್. ಮನೆಗೆ ಬಣ್ಣ ಹೊಡೆಯುವವರ ಹತ್ತಿರ ಕೇಳಿ, ಇಲ್ಲವೇ ಗುಜರಿ ಅಂಗಡಿಗೆ ಹೋಗಿ. ನೀರಿನಲ್ಲಿ ಕಲೆಸುವ ಗೋಡೆ ಬಣ್ಣ, ಅಂದರೆ ಎಮಲ್ಷನ್ ಬಂದ ಬಕೆಟ್ ಆದರೆ ಚೆನ್ನಾಗಿ ಉಜ್ಜಿ ತೊಳೆದು, ಅಂಟಿಕೊಂಡ ಬಣ್ಣದ ಪೊರೆಯನ್ನೆಲ್ಲ ಕಿತ್ತು ಬಿಸಿಲಲ್ಲಿ ಒಣಗಿಸಿ. ಟಿನ್ನರ್, ಆ್ಯಸಿಡ್, ಕೀಟನಾಶಕ ಬಂದಿದ್ದ ಡ್ರಮ್ಮು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ನಾವು ಬೆಳೆಯುವುದು ತಿನ್ನುವ ವಸ್ತು. ಬೇಕರಿ, ಸ್ವೀಟ್ ಅಂಗಡಿಯವರ ಹತ್ತಿರ ಎಣ್ಣೆ, ಕ್ರೀಮು ಬಂದ ಬಕೆಟ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಬಕೆಟ್ಟಿನ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಅಥವಾ 5 ಇದ್ದರೆ ಧೈರ್ಯವಾಗಿ ತೊಗೊಳ್ಳಿ.

ಆಮೇಲೆ ಅರ್ಧ ಲೀಟರ್ ಹಿಡಿಯುವ, ಸುಮಾರು ನಾಲ್ಕು ಇಂಚು ಎತ್ತರದ ಪ್ಲಾಸ್ಟಿಕ್ ಡಬ್ಬಿ. ಅರ್ಧ ಕೆಜಿ ಮೊಸರು ಬರುವ ಗಟ್ಟಿ ಡಬ್ಬಿಯ ಥರದ್ದು, ಬಾಯಿಗೆ ಅಂಚು ಇರಬೇಕು. ಇದೇ ನಮ್ಮ ಬತ್ತಿ ಡಬ್ಬಿ. ಒಂದು ಇಂಚಿನ ಪಿವಿಸಿ ಪೈಪು ಎರಡಡಿ. ಮೂರು ಇಂಚಿನ ದಪ್ಪ ಪೈಪಿನ ಮೂರು ತುಂಡು, ಪ್ಲಂಬಿಂಗ್ ಕೆಲಸ ನಡೆಯುವ ಕಡೆ ಇಂಥ ಚೂರು ಸುಮ್ನೆ ಬಿದ್ದಿರುತ್ತವೆ. ಒಂದು ಚೂರು ಸೊಳ್ಳೆ ಪರದೆ ಬಟ್ಟೆ. ಡ್ರಿಲ್ ಇದ್ದರೆ 4, 6, 8 ಮಿಲಿಮೀಟರಿನ ಡ್ರಿಲ್ ಬಿಟ್‌ಗಳು. ಇಲ್ಲದಿದ್ದರೆ ಹಳೇ ಸ್ಕ್ರೂಡ್ರೈವರ್ ಕಾಯಿಸಿ ತೂತು ಮಾಡಬಹುದು, ಆದರೆ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಒಳ್ಳೆಯದಲ್ಲ, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ಕೂತು ಮಾಡಿ.

ಕಟ್ಟುವ ಕೆಲಸ

ಒಂದು ಬಕೆಟ್ ಹೊರಗೆ, ಅದು ನೀರಿನ ತೊಟ್ಟಿ. ಇನ್ನೊಂದು ಅದರೊಳಗೆ, ಅದರಲ್ಲಿ ಮಣ್ಣು. ಒಳಗಿನದು ಪೂರ್ತಿ ಕೆಳಗೆ ಇಳಿಯದ ಹಾಗೆ ನಡುವೆ ದಪ್ಪ ಪೈಪಿನ ಮೂರು ತುಂಡು ಕಾಲಿನ ಹಾಗೆ ನಿಲ್ಲುತ್ತವೆ. ಆ ತುಂಡಿನ ಎತ್ತರ ನಿಮ್ಮ ಮೊಸರು ಡಬ್ಬಿಯ ಎತ್ತರದಷ್ಟೇ ಇರಬೇಕು, ಯಾಕೆಂದರೆ ಡಬ್ಬಿಯ ತಳ ಹೊರಬಕೆಟ್ಟಿನ ನೆಲಕ್ಕೆ ತಾಗಬೇಕು. ಡಬ್ಬಿ ಅರ್ಧದಲ್ಲೇ ನೇತಾಡಿದರೆ ನೀರು ಇಳಿದಾಗ ಅದಕ್ಕೆ ಎಟುಕೋದಿಲ್ಲ, ತಳದಲ್ಲಿ ಒಂದು ಲೀಟರ್ ನೀರಿದ್ದರೂ ಗಿಡ ಒಣಗುತ್ತದೆ. ಹಾಗಾಗಿ ಮೊದಲು ಡಬ್ಬಿ ಅಳೆದು ಆಮೇಲೆ ಪೈಪ್ ಕತ್ತರಿಸಿ. ಪೈಪ್ ತುಂಡುಗಳ ಗೋಡೆಗೂ ಎರಡೆರಡು ತೂತು ಹಾಕಿ, ಇಲ್ಲದಿದ್ದರೆ ಅವುಗಳೊಳಗೆ ನೀರು ಸಿಕ್ಕಿಕೊಂಡು ವ್ಯರ್ಥವಾಗುತ್ತದೆ.

ಈಗ ಒಳಬಕೆಟ್ಟನ್ನು ಬೋರಲು ಹಾಕಿ. ತಳದ ನಟ್ಟನಡುವೆ ಡಬ್ಬಿಯನ್ನು ಇಟ್ಟು ಪೆನ್ನಲ್ಲಿ ಗುರುತು ಹಾಕಿ, ಡಬ್ಬಿ ಇಳಿದು ಅದರ ಅಂಚು ಮಾತ್ರ ಸಿಕ್ಕಿ ನಿಲ್ಲುವಷ್ಟು ವೃತ್ತ ಕತ್ತರಿಸಬೇಕು. ಗೆರೆಯ ಉದ್ದಕ್ಕೂ ಒತ್ತೊತ್ತಾಗಿ ತೂತು ಹೊಡೆದು ಆಮೇಲೆ ಹ್ಯಾಕ್ಸಾ ಬ್ಲೇಡಿನಲ್ಲಿ ಸೇರಿಸಿ ಕುಯ್ದರೆ ಚೆನ್ನಾಗಿ ಬರುತ್ತದೆ. ಗೆರೆಗಿಂತ ಒಂದು ನೂಲು ಒಳಗೇ ಕುಯ್ಯಿರಿ. ಸಣ್ಣದಾದರೆ ಮತ್ತೆ ಕೆರೆದು ದೊಡ್ಡದು ಮಾಡಬಹುದು, ದೊಡ್ಡದಾದರೆ ಡಬ್ಬಿ ಮಣ್ಣಿನ ಭಾರಕ್ಕೆ ಕೆಳಗೆ ಜಾರುತ್ತದೆ. ಉಳಿದ ತಳದಲ್ಲೆಲ್ಲ 6 ಮಿಲಿಮೀಟರಿನ ಇಪ್ಪತ್ತೈದು ಮೂವತ್ತು ತೂತು ಹಾಕಿ, ಇವು ಗಾಳಿಗೆ. ಅದೇ ತಳದಲ್ಲಿ ಒಂದು ಬದಿಗೆ ಒಂದಿಂಚಿನ ಪೈಪು ಬಿಗಿಯಾಗಿ ಹೋಗುವಷ್ಟು ಇನ್ನೊಂದು ತೂತು. ಡಬ್ಬಿಯ ಗೋಡೆಗೂ ತಳಕ್ಕೂ ಇಪ್ಪತ್ತರಷ್ಟು ತೂತು ಇರಲಿ, ಆದರೆ 4 ಮಿಲಿಮೀಟರಿಗಿಂತ ದೊಡ್ಡದು ಬೇಡ, ಒಳಗಿನ ಪುಡಿ ಸೋರಿ ನೀರಿಗೆ ಬೀಳುತ್ತದೆ.

ನೀರು ಹುಯ್ಯುವ ಒಂದಿಂಚಿನ ಪೈಪಿನ ಕೆಳತುದಿಯಲ್ಲಿ ಎರಡು ಕಡೆ ಸಣ್ಣ ಕಚ್ಚು ಹಾಕಿ. ನೆಟ್ಟಗೆ ಕತ್ತರಿಸಿದ ಪೈಪು ಬಕೆಟ್ಟಿನ ನೆಲಕ್ಕೆ ಅಂಟಿ ಕೂತರೆ ನೀರು ಹೊರಗೆ ಬರೋದೇ ಇಲ್ಲ. ಮೇಲ್ತುದಿ ಮಣ್ಣಿನ ಮಟ್ಟಕ್ಕಿಂತ ಆರಿಂಚು ಎತ್ತರ ಇದ್ದರೆ ಕೈ ಆಡಿಸೋಕೆ ಸಲೀಸು.

ಇನ್ನು ಓವರ್‌ಫ್ಲೋ ತೂತು. ಇದು ಹೊರಬಕೆಟ್ಟಿನ ಗೋಡೆಯಲ್ಲಿ, ಒಳಬಕೆಟ್ಟಿನ ತಳಕ್ಕಿಂತ ಅರ್ಧ ಇಂಚು ಕೆಳಗೆ ಇರಬೇಕು. ಆ ಅರ್ಧ ಇಂಚೇ ಬೇರಿನ ಉಸಿರು. ಜಾಗ ಗುರುತಿಸೋದು ಹೀಗೆ: ಪೈಪ್ ಕಾಲುಗಳನ್ನು ನಿಲ್ಲಿಸಿ, ಒಳಬಕೆಟ್ ಕೂರಿಸಿ, ಮೊಬೈಲ್ ಟಾರ್ಚ್ ಅನ್ನು ಎರಡು ಬಕೆಟ್ಟಿನ ಸಂದಿಯೊಳಗೆ ಹಿಡಿಯಿರಿ. ಬಿಳಿ ಬಕೆಟ್ ಆದರೆ ಒಳಗಿನ ತಳದ ನೆರಳು ಹೊರಗೆ ಗೆರೆಯ ಹಾಗೆ ಕಾಣುತ್ತದೆ. ಅದರಿಂದ ಅರ್ಧ ಇಂಚು ಕೆಳಗೆ ಗುರುತು ಹಾಕಿ 8 ಮಿಲಿಮೀಟರಿನ ತೂತು ಹೊಡೆಯಿರಿ. ಬಣ್ಣದ ಬಕೆಟ್ ಆಗಿ ಏನೂ ಕಾಣದಿದ್ದರೆ ಪೈಪ್ ಕಾಲಿನ ಎತ್ತರವನ್ನೇ ಹೊರಗಡೆ ತಳದಿಂದ ಅಳೆದು, ಅದರಲ್ಲಿ ಅರ್ಧ ಇಂಚು ಕಳೆಯಿರಿ. ತೂತಿನ ಮುಖ ಮೋರಿಯ ಕಡೆಗೆ ಇರಲಿ, ಮಳೆಗಾಲದಲ್ಲಿ ಇದರಿಂದ ನೀರು ಧಾರಾಳವಾಗಿ ಬರುತ್ತದೆ. ಹಾಗೆ ಬರಬೇಕು ಕೂಡ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಿಡ ಕೊಳೆಯದೆ ಉಳಿಯೋದು ಈ ಒಂದು ತೂತಿನಿಂದ.

ಹೀಗೆ ನಾಲ್ಕಿಂಚಿನ ಕಾಲಿಟ್ಟು ಮಾಡಿದ ತೊಟ್ಟಿಯಲ್ಲಿ ಸುಮಾರು ನಾಲ್ಕು ಲೀಟರ್ ನೀರು ನಿಲ್ಲುತ್ತದೆ.

ಸೊಳ್ಳೆ

ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಇಂಥ ತಿಳಿಯಾದ, ನಿಂತ ನೀರಿನ ಬದಿಯಲ್ಲೇ. ನಮ್ಮ ಹವಾಮಾನದಲ್ಲಿ ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರೋಕೆ ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಗಳಿಗೆ ದಂಡ ಹಾಕುವ ನಿಯಮವನ್ನೂ ತಂದಿತು. ದಂಡ ಇರಲಿ ಬಿಡಿ, ನಮ್ಮ ಕುಂಡದಿಂದ ಅಕ್ಕಪಕ್ಕದ ಮನೆ ಮಕ್ಕಳಿಗೆ ಜ್ವರ ಬರಬಾರದು.

ಸೊಳ್ಳೆ ಒಳಗೆ ಹೋಗೋಕೆ ಮೂರು ದಾರಿ ಇವೆ. ನೀರು ಹುಯ್ಯುವ ಪೈಪಿನ ಬಾಯಿ, ಓವರ್‌ಫ್ಲೋ ತೂತು, ಮತ್ತೆ ಹೆಚ್ಚಿನವರು ಮರೆಯುವ ಮೂರನೆಯದು, ಎರಡು ಬಕೆಟ್ಟಿನ ನಡುವಿನ ಸಂದಿ. ಒಳಬಕೆಟ್ ಮೇಲೆ ಎದ್ದು ನಿಂತಿರುವುದರಿಂದ ಸುತ್ತಲೂ ಬೆರಳಗಲದ ಸಂದಿ ಉಳಿಯುತ್ತದೆ. ಅಲ್ಲಿಗೆ ಹಳೇ ಸೊಳ್ಳೆ ಪರದೆಯನ್ನು ಹಗ್ಗದ ಹಾಗೆ ಹೊಸೆದು ಸುತ್ತಲೂ ಒತ್ತಿ ತುಂಬಿ. ಗಾಳಿ ಆಡುತ್ತದೆ, ಸೊಳ್ಳೆ ನುಗ್ಗೋದಿಲ್ಲ. ಬಟ್ಟೆ ತುಂಬಿದರೆ ಅದು ನೀರು ಹೀರಿ ಪಾಚಿ ಕಟ್ಟುತ್ತದೆ, ಪರದೆಯೇ ಸರಿ. ಓವರ್‌ಫ್ಲೋ ತೂತಿನ ಒಳಬದಿಗೆ ಒಂದು ಚೌಕ ಪರದೆಯನ್ನು ಸಿಲಿಕಾನ್ ಅಂಟಿನಿಂದ ಕೂರಿಸಿ, ಇದನ್ನು ಬಕೆಟ್ ಜೋಡಿಸುವ ಮೊದಲೇ ಮಾಡಿಕೊಳ್ಳಬೇಕು. ಪೈಪಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ.

ಆ ಕ್ಯಾಪಿನಲ್ಲೇ ಒಂದು ಉಪಾಯ ಮಾಡಬಹುದು. ತೆಂಗಿನ ಪೊರಕೆಯ ಉದ್ದನೆಯ ಕಡ್ಡಿ ತೆಗೆದುಕೊಳ್ಳಿ, ಅದರ ತುದಿಗೆ ಪೈಪಿನೊಳಗೆ ಸಲೀಸಾಗಿ ಓಡಾಡುವಷ್ಟು ಥರ್ಮೋಕೋಲ್ ತುಂಡು ಚುಚ್ಚಿ ಒಳಗೆ ಬಿಡಿ. ಕ್ಯಾಪಿಗೆ ಕಡ್ಡಿ ಹೋಗುವಷ್ಟೇ ಸಣ್ಣ ತೂತು ಮಾಡಿ ಕಡ್ಡಿಯನ್ನು ಅದರಿಂದ ಹೊರಗೆ ತೆಗೆಯಿರಿ. ತೊಟ್ಟಿ ತುಂಬಿದಾಗ ಕಡ್ಡಿ ಮೇಲೆ ಏರುತ್ತದೆ, ಖಾಲಿಯಾದಾಗ ಇಳಿಯುತ್ತದೆ. ತುಂಬಿದ ದಿನ ಕಡ್ಡಿ ಎಲ್ಲಿಗೆ ನಿಂತಿತ್ತೋ ಅಲ್ಲಿ ಕೆಂಪು ನೇಲ್ ಪಾಲಿಶ್ ಒಂದು ಚುಕ್ಕೆ ಇಟ್ಟರೆ ದೂರದಿಂದಲೇ ನೀರು ಎಷ್ಟಿದೆ ಅಂತ ಗೊತ್ತಾಗುತ್ತದೆ. ಹತ್ತು ಕುಂಡ ಇದ್ದರೂ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿದರೆ ಸಾಕು.

ಒಳಗೆ ತುಂಬುವ ಮಿಶ್ರಣ

ತೋಟದ ಕೆಂಪು ಮಣ್ಣನ್ನು ಹಾಗೇ ತುಂಬಬೇಡಿ. ನೆಲದಲ್ಲಿ ಅದು ಬಂಗಾರ, ಬಕೆಟ್ಟಿನಲ್ಲಿ ಅಡಿಯಿಂದ ಸದಾ ಒದ್ದೆಯಾಗಿದ್ದರೆ ಗಟ್ಟಿ ಮುದ್ದೆಯಾಗಿ ಗಾಳಿಯೇ ಆಡೋದಿಲ್ಲ. ಈ ಕುಂಡಕ್ಕೆ ಬೇಕಾಗಿರೋದು ನೀರನ್ನೂ ಹಿಡಿಯುವ, ಗಾಳಿಯನ್ನೂ ಬಿಡುವ ಹಗುರವಾದ ಮಿಶ್ರಣ. ಒಂದು ಬಕೆಟ್ಟಿಗೆ ಸುಮಾರು 18 ಲೀಟರ್ ಬೇಕು: 10 ಲೀಟರ್ ಕೊಕೊಪೀಟ್ (ತೆಂಗಿನ ನಾರಿನ ಪುಡಿ), 5 ಲೀಟರ್ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 3 ಲೀಟರ್ ಭತ್ತದ ಹೊಟ್ಟು. ಹೊಟ್ಟು ಸಿಗದಿದ್ದರೆ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು ಹಾಕಬಹುದು, ಆದರೆ ಅಕ್ಕಿ ಗಿರಣಿ ಹತ್ತಿರ ಇರುವವರು ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ.

ಕೊಕೊಪೀಟ್ 5 ಕೆಜಿಯ ಇಟ್ಟಿಗೆ ನೀರಲ್ಲಿ ನೆನೆಸಿದರೆ 60–70 ಲೀಟರ್ ಆಗುತ್ತದೆ, ಆರು ಬಕೆಟ್ಟಿಗೆ ಒಂದು ಇಟ್ಟಿಗೆ ಸಾಕು. ಆದರೆ ಕೊಕೊಪೀಟಿನಲ್ಲಿ ಉಪ್ಪಿನಂಶ ಇರುತ್ತದೆ. ಮೊದಲ ಸಲ ನೆನೆಸಿದ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಚೆಲ್ಲಿ, ಹಿಂಡಿ, ಹೊಸ ನೀರು ಹಾಕಿ, ಹೀಗೆ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಮಾಡಿ. ಮಾಮೂಲಿ ಕುಂಡದಲ್ಲಾದರೆ ಮೇಲಿಂದ ಹಾಕಿದ ನೀರು ಈ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ, ಇಲ್ಲಿ ಹೋಗೋಕೆ ದಾರಿ ಇಲ್ಲ, ಅದಕ್ಕೇ ಈ ಎಚ್ಚರಿಕೆ.

ತುಂಬುವಾಗ ಮೊದಲು ಬತ್ತಿ ಡಬ್ಬಿ. ಇದಕ್ಕೆ ಬರೀ ಒದ್ದೆ ಕೊಕೊಪೀಟ್, ಒಂದು ಮುಷ್ಟಿ ಎರೆಗೊಬ್ಬರ ಸೇರಿಸಿದರೂ ಸರಿ, ಹೊಟ್ಟು ಬೇಡ. ಬೆರಳಲ್ಲಿ ಒತ್ತಿ ಒತ್ತಿ ತುಂಬಿ, ಒಳಗೆ ಗಾಳಿಯ ಪೊಳ್ಳು ಉಳಿಯಬಾರದು. ಡಬ್ಬಿ ಕಂಠಮಟ್ಟ ತುಂಬಿದ ಮೇಲೆ ಅದರ ಮೇಲೆಯೇ ಮಿಶ್ರಣ ಹಾಕುತ್ತಾ ಹೋಗಿ, ಪ್ರತಿ ಪದರಕ್ಕೂ ಸ್ವಲ್ಪ ನೀರು ಚಿಮುಕಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಡಬ್ಬಿಯ ಮೇಲೆ ಜಲ್ಲಿ, ಹೆಂಚಿನ ಚೂರು, ತೆಂಗಿನ ಚಿಪ್ಪು ಏನೂ ಹಾಕಬೇಡಿ. ಕುಂಡ ಅಂದಕೂಡಲೇ ತಳಕ್ಕೆ ಜಲ್ಲಿ ಹಾಕೋದು ನಮಗೆಲ್ಲ ಕೈಗೆ ಬಂದ ಅಭ್ಯಾಸ. ಇಲ್ಲಿ ಹಾಗೆ ಹಾಕಿದರೆ ನೀರು ಏರುವ ದಾರಿ ಅಲ್ಲೇ ಕಡಿಯುತ್ತದೆ.

ಒಣ ಕೊಕೊಪೀಟ್ ತುಂಬಿ ಕೆಳಗಿನಿಂದ ನೀರು ಏರಲಿ ಅಂತ ಕಾದರೂ ಆಗೋದಿಲ್ಲ. ಒಣಗಿದ್ದು ನೀರನ್ನು ಸರಿಯಾಗಿ ಎಳೆಯೋದಿಲ್ಲ, ಒದ್ದೆಯಾಗಿದ್ದರೆ ಚೆನ್ನಾಗಿ ಎಳೆಯುತ್ತದೆ. ಮೊದಲ ದಿನ ಮೇಲಿಂದ ಚೆನ್ನಾಗಿ ನೀರು ಹಾಕಿ, ಓವರ್‌ಫ್ಲೋದಿಂದ ಸುರಿಯುವವರೆಗೆ. ಆಮೇಲೆ ಪೈಪು.

ಇನ್ನೊಂದು ಮಾತು, ಈ ಮಿಶ್ರಣದಲ್ಲಿ ನೀರು ಒಂದಡಿ ಎತ್ತರದವರೆಗೆ ಚೆನ್ನಾಗಿ ಏರುತ್ತದೆ. ಅದಕ್ಕಿಂತ ಉದ್ದನೆಯ ಡ್ರಮ್ಮಿನಲ್ಲಿ ಮಾಡಿದರೆ ಮೇಲಿನ ಪದರ ಒಣಗೇ ಉಳಿಯುತ್ತದೆ. ಅಗಲ ಎಷ್ಟು ಬೇಕಾದರೂ ಇರಲಿ, ಎತ್ತರ ಬೇಡ.

ಇಡುವ ಜಾಗ, ನೆಡುವ ಗಿಡ

ನೀರು ತುಂಬಿದ ಮೇಲೆ ಒಂದು ಕುಂಡ ಹತ್ತಿರ ಹತ್ತಿರ 20 ಕೆಜಿ ತೂಗುತ್ತದೆ, ಗಿಡ ಬೇರೆ. ಹಾಗಾಗಿ ತುಂಬುವ ಮೊದಲೇ ಜಾಗ ನೋಡಿಕೊಳ್ಳಿ. ತಾರಸಿಯ ನಡುವೆ ರಾಶಿ ಹಾಕದೆ ಗೋಡೆಯ ಉದ್ದಕ್ಕೂ, ತೊಲೆ ಹೋಗುವ ಕಡೆ ಸಾಲಾಗಿ ಇಡಿ. ಅಡಿಗೆ ಎರಡು ಇಟ್ಟಿಗೆ ಕೊಟ್ಟರೆ ತಾರಸಿಯ ಗಾರೆ ಒದ್ದೆಯಾಗಿ ಉಳಿಯೋದಿಲ್ಲ, ಗುಡಿಸೋಕೂ ಸುಲಭ. ಹೊರಬಕೆಟ್ಟಿಗೆ ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ಕೂ ಬೇಗ ಪುಡಿಯಾಗುತ್ತದೆ. ಒಂದು ಗೋಣಿಚೀಲ ಸುತ್ತಿ ಕಟ್ಟಿ, ಎರಡಕ್ಕೂ ಆಯಿತು. ಏಪ್ರಿಲ್‌ನಲ್ಲಿ ನೀರು ಬಿಸಿಯಾಗೋದೂ ತಪ್ಪುತ್ತದೆ.

ಟೊಮೇಟೊ, ಬದನೆ, ಮೆಣಸಿನಕಾಯಿ ಬಕೆಟ್ಟಿಗೆ ಒಂದೊಂದೇ. ಬೆಂಡೆ ಎರಡು. ಜಾಗ ಖಾಲಿ ಕಾಣುತ್ತದೆ ಅಂತ ಮೂರು ಟೊಮೇಟೊ ನೆಟ್ಟರೆ ಮೂರೂ ಬಡವಾಗುತ್ತವೆ. ಈ ಕುಂಡದಲ್ಲಿ ನಿಜವಾಗಿ ಮೆರೆಯೋದು ನೀರು ಬೇಡುವ ಸೊಪ್ಪುಗಳು: ದಂಟು, ಹರಿವೆ, ಪಾಲಕ್, ಒಂದೆಲಗ. ಬಸಳೆಯಂತೂ ಬಳ್ಳಿ ಹಬ್ಬಿಸೋಕೆ ಒಂದು ದಾರ ಕಟ್ಟಿಕೊಟ್ಟರೆ ಕಿತ್ತಷ್ಟೂ ಚಿಗುರುತ್ತದೆ. ಕರಾವಳಿ, ಮಲೆನಾಡಿನಿಂದ ಊರು ಬಿಟ್ಟು ಬಂದು ಪೇಟೆಯಲ್ಲಿ ಇರುವವರಿಗೆ ಒಂದು ಗುಟ್ಟು ಹೇಳುತ್ತೇನೆ, ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಇದರಲ್ಲಿ ಬೇಸಿಗೆಯಲ್ಲೂ ತಟ್ಟೆಯಗಲ ಬರುತ್ತದೆ. ದೊಡ್ಡಪತ್ರೆ, ಲೋಳೆಸರದಂಥ ಒಣ ಮಣ್ಣು ಬಯಸುವವನ್ನು ಇಲ್ಲಿ ಹಾಕಬೇಡಿ. ಹೀರೆ, ಹಾಗಲ, ಸೋರೆಗೆ ಈ ಬಕೆಟ್ ಚಿಕ್ಕದಾಯಿತು.

ಬೀಜದ ವಿಷಯದಲ್ಲಿ ನನ್ನ ಆಯ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು. ಅರ್ಕಾ ರಕ್ಷಕ್ ಟೊಮೇಟೊ ಎಲೆ ಮುದುಡುವ ನಂಜು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ ಹಳದಿ ನಂಜು ರೋಗ ತಡೆಯಲೆಂದೇ ರೂಪಿಸಿದ ತಳಿ. ತಾರಸಿಯಲ್ಲಿ ಔಷಧಿ ಹೊಡೆಯೋಕೆ ಮನಸ್ಸಿಲ್ಲದವರಿಗೆ ತಳಿಯಲ್ಲೇ ಶಕ್ತಿ ಇರೋದು ದೊಡ್ಡ ಅನುಕೂಲ.

ಸಸಿ ನೆಟ್ಟರೆ ಮೊದಲ ಒಂದು ವಾರ ಬುಡಕ್ಕೆ ಮೇಲಿಂದಲೂ ಸ್ವಲ್ಪ ಸ್ವಲ್ಪ ನೀರು ಕೊಡಿ, ಬೇರು ಕೆಳಗಿನ ಒದ್ದೆಯನ್ನು ಹುಡುಕಿಕೊಳ್ಳುವವರೆಗೆ. ಮೆಂತ್ಯ, ಕೊತ್ತಂಬರಿಯ ಹಾಗೆ ಬೀಜ ಚೆಲ್ಲಿದರೆ ಮೊಳಕೆ ಬಂದು ಎರಡಿಂಚು ಏಳುವವರೆಗೆ ದಿನಾ ಮೇಲಿಂದ ಚಿಮುಕಿಸಬೇಕು, ಯಾಕೆಂದರೆ ಮೇಲಿನ ಅರ್ಧ ಇಂಚು ಯಾವಾಗಲೂ ಒಣಗಿಯೇ ಕಾಣುತ್ತದೆ. ಆಮೇಲೆ ಒಣಗಿದ ಎಲೆಯನ್ನೋ ತೆಂಗಿನ ನಾರನ್ನೋ ಎರಡಿಂಚು ದಪ್ಪಕ್ಕೆ ಮುಚ್ಚಿ. ಈ ಮುಚ್ಚಿಗೆ ಇಲ್ಲದಿದ್ದರೆ ಕೆಳಗಿನಿಂದ ಏರಿದ ನೀರು ಗಿಡಕ್ಕೆ ಹೋಗುವ ಬದಲು ಗಾಳಿಗೆ ಹೋಗುತ್ತದೆ.

ನೀರು, ಗೊಬ್ಬರ, ಉಪ್ಪು

ಸೊಪ್ಪಿನ ಕುಂಡಕ್ಕೆ ಒಂದು ತೊಟ್ಟಿ ನೀರು ನಾಲ್ಕೈದು ದಿನ ಬರುತ್ತದೆ. ಎಳೆ ಟೊಮೇಟೊಗೆ ಹಾಗೆಯೇ. ಆದರೆ ಮೈತುಂಬ ಕಾಯಿ ಬಿಟ್ಟ ಟೊಮೇಟೊ ಏಪ್ರಿಲ್ ಬಿಸಿಲಲ್ಲಿ ಎರಡು ದಿನಕ್ಕೇ ತೊಟ್ಟಿ ಬರಿದು ಮಾಡುತ್ತದೆ. ವಾರಗಟ್ಟಲೆ ನೀರು ಹಾಕಬೇಕಾಗಿಲ್ಲ ಅಂತ ಯಾರಾದರೂ ಹೇಳಿದರೆ ಅದು ದೊಡ್ಡ ತೊಟ್ಟಿಗೆ ಸರಿ, ಬಕೆಟ್ಟಿಗೆ ಅಲ್ಲ. ಇಲ್ಲಿ ಸಿಗುವ ನಿಜವಾದ ಲಾಭ ಬೇರೆ: ಹಾಕಿದ ನೀರೆಲ್ಲ ಗಿಡಕ್ಕೇ ಸೇರುತ್ತದೆ, ಮಣ್ಣು ಒಂದೇ ಹದದಲ್ಲಿ ಇರುತ್ತದೆ. ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದಲ್ಲ, ಅದನ್ನು ಹೆಚ್ಚಿನವರು ರೋಗ ಅಂದುಕೊಳ್ಳುತ್ತಾರೆ. ಅದು ಕಾಯಿಗೆ ಸುಣ್ಣದಂಶ ಸರಿಯಾಗಿ ತಲುಪದೆ ಆಗೋದು. ಒಂದು ದಿನ ಒಣಗಿ ಒಂದು ದಿನ ಮುಳುಗಿದರೆ ಮಣ್ಣಲ್ಲಿ ಸುಣ್ಣ ಇದ್ದರೂ ಬೇರು ಅದನ್ನು ಮೇಲೆ ಕಳಿಸೋದಿಲ್ಲ. ನೀರು ಒಂದೇ ಸಮ ಇದ್ದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಮಿಶ್ರಣ ಮಾಡುವಾಗಲೇ ಒಂದು ದೊಡ್ಡ ಚಮಚ ಡಾಲೊಮೈಟ್ ಅನ್ನುವ ಸುಣ್ಣದಂಶದ ಕಲ್ಲಿನ ಪುಡಿ ಸೇರಿಸಿದರೆ ಇನ್ನೂ ಒಳ್ಳೆಯದು. ಎಲೆ ಅಡಿಕೆಯ ಸುಣ್ಣ ಬೇಡ, ಅದು ತೀರ ಖಾರ.

ಪೈಪಿನಿಂದ ಬರೀ ನೀರು ಮಾತ್ರ ಹಾಕಿ. ಜೀವಾಮೃತ, ಅಕ್ಕಿ ತೊಳೆದ ನೀರು, ಮಜ್ಜಿಗೆ, ಹಿಂಡಿ ನೆನೆಸಿದ ನೀರು ಯಾವುದೂ ತೊಟ್ಟಿಗೆ ಬೇಡ. ಮುಚ್ಚಿದ ಜಾಗದಲ್ಲಿ ಹುಳಿತು ನಾರುತ್ತದೆ, ಬೇರು ಕೊಳೆಯುತ್ತದೆ. ಇವನ್ನೆಲ್ಲ ತೆಳ್ಳಗೆ ಮಾಡಿ ಮೇಲಿಂದ ಒಂದು ಲೋಟ ಹಾಕಿದರೆ ತೊಂದರೆ ಇಲ್ಲ. ಗೊಬ್ಬರ ಮೂರು ವಾರಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ, ಒಂದು ಚಮಚ ಕಡಲೆಕಾಯಿ ಹಿಂಡಿ ಪುಡಿ. ಮುಚ್ಚಿಗೆ ಸರಿಸಿ, ಮೇಲಿನ ಒಣ ಪದರವನ್ನು ಕೈಯಿಂದ ಕೆದಕಿ, ಒದ್ದೆ ಸಿಗುವ ಮಟ್ಟದಲ್ಲಿ ಇಟ್ಟು ಮತ್ತೆ ಮುಚ್ಚಿ. ಒಣ ಮಣ್ಣಿನ ಮೇಲೆ ಉದುರಿಸಿದ ಗೊಬ್ಬರ ಕರಗೋದೂ ಇಲ್ಲ, ಗಿಡಕ್ಕೆ ಸೇರೋದೂ ಇಲ್ಲ, ಇರುವೆ ಮಾತ್ರ ಬರುತ್ತದೆ.

ಉಪ್ಪಿನ ವಿಷಯ ಬೋರ್‌ವೆಲ್ ನೀರಿನವರು ಕಿವಿಗೊಟ್ಟು ಕೇಳಿ. ಗಡಸು ನೀರು ಕೆಳಗಿನಿಂದ ಏರಿ ಆವಿಯಾದಾಗ ಅದರಲ್ಲಿದ್ದ ಲವಣ ಎಲ್ಲ ಮೇಲ್ಪದರದಲ್ಲೇ ಉಳಿಯುತ್ತದೆ. ಕೆಲವು ತಿಂಗಳಲ್ಲಿ ಮಣ್ಣಿನ ಮೇಲೆ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಾಣಿಸುತ್ತದೆ, ಎಲೆಯ ತುದಿ ಸುಟ್ಟ ಹಾಗೆ ಕಂದಾಗುತ್ತದೆ. ಆಗ ಮೇಲಿನ ಒಂದಿಂಚು ಕೆರೆದು ತೆಗೆದು ಹೊಸ ಎರೆಗೊಬ್ಬರ ಹಾಕಿ, ಮೇಲಿಂದ ಎರಡು ಬಿಂದಿಗೆ ನೀರು ನಿಧಾನವಾಗಿ ಹುಯ್ದು ಓವರ್‌ಫ್ಲೋದಿಂದ ಹೊರಗೆ ಬಿಡಿ. ಮಳೆಗಾಲದಲ್ಲಿ ಈ ಕೆಲಸ ಮಳೆಯೇ ಮಾಡುತ್ತದೆ, ಒಂದು ದೊಡ್ಡ ಮಳೆ ಬರುವ ದಿನ ಮುಚ್ಚಿಗೆ ಸರಿಸಿಟ್ಟರಾಯಿತು. ಆರ್‌ಒ ಫಿಲ್ಟರಿನಿಂದ ಹೊರಬರುವ ನೀರನ್ನು ಗಿಡಕ್ಕೆ ಹಾಕುವವರು ಬಹಳ ಜನ ಇದ್ದಾರೆ. ನೀರು ಉಳಿಸುವ ಮನಸ್ಸು ದೊಡ್ಡದು, ಆದರೆ ಅದರಲ್ಲಿ ಲವಣ ಜಾಸ್ತಿ, ಈ ಕುಂಡಕ್ಕೆ ಆಗಿಬರೋದಿಲ್ಲ, ನೆಲ ಒರೆಸೋಕೆ ಇಟ್ಟುಕೊಳ್ಳಿ. ಎಸಿಯಿಂದ ತೊಟ್ಟಿಕ್ಕುವ ನೀರು, ಹಿಡಿದಿಟ್ಟ ಮಳೆ ನೀರು ಎರಡೂ ಒಳ್ಳೆಯವು.

ತೊಂದರೆ ಬಂದರೆ

ತೊಟ್ಟಿಯಲ್ಲಿ ನೀರಿದ್ದೂ ಗಿಡ ಬಾಡುತ್ತಿದ್ದರೆ ಎರಡಿಂಚು ಕೆಳಗೆ ಬೆರಳು ಹಾಕಿ ನೋಡಿ. ಒಣಗಿದ್ದರೆ ಬತ್ತಿ ಕೆಲಸ ಮಾಡುತ್ತಿಲ್ಲ: ಡಬ್ಬಿ ನೆಲ ಮುಟ್ಟಿಲ್ಲ, ಇಲ್ಲವೇ ಒಂದು ಸಲ ಪೂರ್ತಿ ಒಣಗಿ ಕೊಂಡಿ ತಪ್ಪಿದೆ. ಮೇಲಿಂದ ನಿಧಾನವಾಗಿ ನೀರು ಹಾಕಿ ಮಣ್ಣನ್ನೆಲ್ಲ ಮತ್ತೆ ನೆನೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬೆರಳಿಗೆ ಕೆಸರು ಹತ್ತಿ ಹುಳಿ ವಾಸನೆ ಬಂದರೆ ಅದಕ್ಕೆ ತಿರುಗಾಮುರುಗ, ಗಾಳಿ ಇಲ್ಲ. ಓವರ್‌ಫ್ಲೋ ತೂತಿನ ಪರದೆಗೆ ಕಸ ಕಟ್ಟಿರುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ ಉಜ್ಜಿ, ತೊಟ್ಟಿ ಬರಿದಾಗೋವರೆಗೆ ಎರಡು ಮೂರು ದಿನ ನೀರು ಹಾಕಬೇಡಿ.

ಹತ್ತು ಹದಿನೈದು ಕುಂಡ ಆದ ಮೇಲೆ ಒಂದೊಂದಕ್ಕೇ ನೀರು ಹಾಕುವ ಬದಲು ಎಲ್ಲದರ ತೊಟ್ಟಿಗಳನ್ನೂ ತಳದಲ್ಲಿ ಅರ್ಧ ಇಂಚಿನ ಪೈಪಿನಿಂದ ಜೋಡಿಸಿ, ಸಾಲಿನ ಕೊನೆಗೆ ಮುಚ್ಚಳ ಇರುವ ಇನ್ನೊಂದು ಬಕೆಟ್ ಇಟ್ಟು, ಅದರಲ್ಲಿ ಸಿಂಟೆಕ್ಸ್ ಟ್ಯಾಂಕಿಗೆ ಹಾಕುವಂಥ ಚಿಕ್ಕ ಫ್ಲೋಟ್ ವಾಲ್ವ್ (ಮಟ್ಟ ಮುಟ್ಟಿದಾಗ ನೀರನ್ನು ತಾನೇ ನಿಲ್ಲಿಸುವ ವಾಲ್ವ್) ಕೂರಿಸಿ ಟ್ಯಾಂಕಿನ ನೀರು ಕೊಡಬಹುದು. ಎಲ್ಲ ಕುಂಡವೂ ಒಂದೇ ಮಟ್ಟದಲ್ಲಿ ನಿಂತಿರಬೇಕು, ತಾರಸಿ ಮೋರಿಯ ಕಡೆ ಇಳಿಜಾರು ಇರುವುದರಿಂದ ಇಟ್ಟಿಗೆ, ಹಲಗೆ ಕೊಟ್ಟು ಸಮ ಮಾಡಿ. ವಾಲ್ವನ್ನು ಓವರ್‌ಫ್ಲೋ ತೂತಿಗಿಂತ ಒಂದಿಂಚು ಕೆಳಗೇ ನಿಲ್ಲುವ ಹಾಗೆ ಹೊಂದಿಸಿ. ಇಷ್ಟು ಮಾಡಿದರೆ ಹಬ್ಬಕ್ಕೆ ಊರಿಗೆ ಹೋಗೋಕೆ ಯಾರಿಗೂ ಕೀ ಕೊಡಬೇಕಾಗಿಲ್ಲ.

ಬೆಳೆ ಮುಗಿದ ಮೇಲೆ ಗಿಡವನ್ನು ಕಿತ್ತರೆ ಬೇರು ಗಾಳಿ ತೂತಿನಿಂದ ಇಳಿದು ತೊಟ್ಟಿಯೊಳಗೆ ಗಡ್ಡದ ಹಾಗೆ ಬೆಳೆದಿರುತ್ತದೆ, ಗಾಬರಿ ಬೇಡ. ಒಳಬಕೆಟ್ ಎತ್ತಿ ಅದನ್ನು ಕತ್ತರಿಸಿ, ತೊಟ್ಟಿ ಉಜ್ಜಿ ತೊಳೆದು, ಪರದೆ ಹರಿದಿದ್ದರೆ ಬದಲಾಯಿಸಿ. ಬತ್ತಿ ಡಬ್ಬಿಯ ಕೊಕೊಪೀಟನ್ನು ಮಾತ್ರ ಪೂರ್ತಿ ಹೊಸದಾಗಿ ತುಂಬಿ, ಹಳೆಯದು ಕಳಿತು ಮೆತ್ತಗಾಗಿ ಇಳಿದಿರುತ್ತದೆ. ಉಳಿದ ಮಿಶ್ರಣವನ್ನು ಒಂದು ವಾರ ಬಿಸಿಲಲ್ಲಿ ಹರವಿ, ಮೂರರಲ್ಲಿ ಒಂದು ಪಾಲು ಹೊಸ ಗೊಬ್ಬರ ಸೇರಿಸಿದರೆ ಮತ್ತೆ ಬಳಸಬಹುದು. ಟೊಮೇಟೊ ಬೆಳೆದ ಬಕೆಟ್ಟಿಗೆ ಮುಂದಿನ ಸಲ ಟೊಮೇಟೊ, ಬದನೆ, ಮೆಣಸು ಬೇಡ, ಒಂದು ಸುತ್ತು ಸೊಪ್ಪು ಹಾಕಿ.